ಎರಡು ಗೆರೆ ಮೂಡುವ ತನಕ

ನಮ್ಮತ್ತೆಯ ಬಲಗೈ ತೋರುಬೆರಳು ತುದಿಯಿಂದ ಮೊದಲ ಗೆಣ್ಣಿನವರೆಗೆ ಕರ್ರಗಿತ್ತು. ನಿಂಬೆಹಣ್ಣು, ಬೂದಿ, ಸೋಪು ಯಾವುದಕ್ಕೂ ಆ ಕಪ್ಪು ಜಗ್ಗುತ್ತಿರಲಿಲ್ಲ. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಸುಟ್ಟು, ಪುಡಿ ಮಾಡಿ, ಡಬ್ಬಿಯಲ್ಲಿಟ್ಟುಕೊಂಡು, ಎದ್ದ ಕೂಡಲೇ, ಉಂಡ ಮೇಲೆ, ಸಿಟ್ಟು ಬಂದಾಗಲೆಲ್ಲ ಆ ಬೆರಳಿನಿಂದ ಹಲ್ಲಿಗೆ ತಿಕ್ಕುತ್ತಿದ್ದರು. ಅದಕ್ಕೆ ಮಿಸ್ರಿ ಎನ್ನುತ್ತಾರೆ. ಮುದನಾಳದ ನಮ್ಮ ಓಣಿಯ ಹೆಂಗಸರ ಪಾಲಿಗೆ ಅದು ಬರೀ ಹಲ್ಲುಪುಡಿ. ತಂಬಾಕು ಅಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವುದು ಮಾತ್ರ.

ಅತ್ತೆಯದು ಮಾತು ಬಿರುಸು, ಕೈ ಧಾರಾಳ. ಮೊದಲ ಸಲ ಬಸುರಿಯಾಗಿ ನಾನು ವಾಂತಿ ಮಾಡಿ ಮಾಡಿ ಸೋತಾಗ ಆ ಡಬ್ಬಿಯನ್ನು ಮುಂದೆ ಹಿಡಿದವರು ಅವರೇ. "ಈಟು ಹಚ್ಕೋ ಯವ್ವಾ, ಓಕರಿಕಿ ನಿಂದರ್ತದ" ಎಂದಿದ್ದರು. ನಿಂತಿತು ಕೂಡ. ಆ ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಅಳುವಷ್ಟೂ ತ್ರಾಣವಿರಲಿಲ್ಲ, ಉಳಿಯಲಿಲ್ಲ. ಕೆಟ್ಟ ದೃಷ್ಟಿ ಬಿತ್ತೆಂದು ಅತ್ತೆ ಅರ್ಧ ಓಣಿಯ ಜೊತೆ ಮಾತು ಬಿಟ್ಟರು. ಮಿಸ್ರಿ ಮಾತ್ರ ನಾವಿಬ್ಬರೂ ಬಿಡಲಿಲ್ಲ, ಅದನ್ನು ಬಿಡಬೇಕೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಎರಡನೆಯ ಸಲ ಬಸುರಿಯಾದಾಗ ಯಾದಗಿರಿಯ ಆಸ್ಪತ್ರೆಯಲ್ಲಿ ಸಿಸ್ಟರ್ ತಂಬಾಕಿನ ಅಭ್ಯಾಸವಿದೆಯೇ ಎಂದು ಕೇಳಿದರು. ಇಲ್ಲವೆಂದೆ. ಅವರು ವಾದಕ್ಕಿಳಿಯದೆ ನನ್ನ ಮೂತ್ರದಲ್ಲಿ ಒಂದು ಪಟ್ಟಿ ಅದ್ದಿ ಮೇಜಿನ ಮೇಲಿಟ್ಟರು. ಮೈಯಲ್ಲಿ ತಂಬಾಕಿನ ಅಂಶವಿದ್ದರೆ ಒಂದೇ ಗೆರೆ, ಇಲ್ಲದಿದ್ದರೆ ಎರಡು. ಮೂಡಿದ್ದು ಒಂದೇ. ಅತ್ತೆ ಕೆಂಡವಾದರು. ನನ್ನ ಸೊಸೆ ಸುಳ್ಳಾಡುವವಳಲ್ಲ, ನಿಮ್ಮ ಪಟ್ಟಿಯೇ ಕೆಟ್ಟಿರಬೇಕು ಎಂದು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಜಗಳ ತೆಗೆದರು. ಸಿಸ್ಟರ್ ಅವರ ಬೆರಳನ್ನೇ ನೋಡುತ್ತಿದ್ದರು.

"ಅಮ್ಮಾ, ಮನ್ಯಾಗ ಹಲ್ಲಿಗಿ ಏನ್ ಹಚ್ತೀರಿ?"

ಮಿಸ್ರಿ, ಬರೀ ಹಲ್ಲುಪುಡಿ ಎಂದರು ಅತ್ತೆ. ಮಿಸ್ರಿಯೂ ತಂಬಾಕೇ, ಅದರ ವಿಷ ತಾಯಿಯ ರಕ್ತದಿಂದ ಕೂಸಿಗೆ ಹೋಗುತ್ತದೆ, ಕೂಸು ಸೊರಗುತ್ತದೆ, ಬೇಗ ಹುಟ್ಟಿಬಿಡಬಹುದು ಎಂದು ಸಿಸ್ಟರ್ ಬಿಡಿಸಿ ಹೇಳಿದರು. ಹಿಂದಿನ ಕೂಸು ಹೋದದ್ದು ಇದರಿಂದಲೇ ಏನು ಎಂದು ಕೇಳಿದೆ. ಅದನ್ನು ಖಚಿತವಾಗಿ ಹೇಳಲಾಗದು, ಈ ಕೂಸಿನದು ಮಾತ್ರ ಇನ್ನೂ ನಿನ್ನ ಕೈಯಲ್ಲಿದೆ ಎಂದರು. ಊರಿಗೆ ಮರಳುವಾಗ ಟಂಟಂ ಆಟೋದಲ್ಲಿ ಅತ್ತೆ ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ನನಗೆ ಅವರ ಮುಖ ನೋಡಲೂ ಮನಸ್ಸಾಗಲಿಲ್ಲ.

ಅಂದೇ ಡಬ್ಬಿ ತಿಪ್ಪೆ ಸೇರಿತು. ಇಬ್ಬರೂ ಬಿಡೋಣ ಎಂದರು ಅತ್ತೆ. ನನಗೆ ತಲೆ ಸಿಡಿಯುತ್ತಿತ್ತು, ಅನ್ನದ ತಾಟು ಕಂಡರೆ ಎತ್ತಿ ಒಗೆಯುವಷ್ಟು ಸಿಟ್ಟು. ಅವರು ಬೈಯದೆ ಹುರಿದ ಜೀರಿಗೆ ತಂದು ಕೈಗಿಡುತ್ತಿದ್ದರು. ಮುಂದಿನ ತಪಾಸಣೆಯ ದಿನ ಬಸುರಿಯರ ಸಾಲಿನಲ್ಲಿ ತಾವೂ ಮೂತ್ರದ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತರು. ನಿಮಗೆ ಎಷ್ಟನೇ ತಿಂಗಳೆಂದು ಯಾರೋ ಛೇಡಿಸಿದರೆ, ನಿನ್ನ ಗಂಡನನ್ನು ಕೇಳು ಎಂದು ಬಾಯಿ ಮುಚ್ಚಿಸಿದರು.

ನನ್ನ ಪಟ್ಟಿಯಲ್ಲಿ ಎರಡು ಗೆರೆ ಬಂತು. ಅವರದರಲ್ಲಿ ಒಂದೇ.

ಮನೆಗೆ ಬಂದವರೇ ಸೊಂಟದ ಸಂಚಿಯಿಂದ ಹೊಸ ಡಬ್ಬಿ ತೆಗೆದು ನನ್ನೆದುರು ಇಟ್ಟರು. ನಾನು ಅವರನ್ನು ಬೈಯಬೇಕೆಂದಿದ್ದೆ. ಆದರೆ ಮುಚ್ಚಳದ ಸಂದಿಯಿಂದ ಆ ಸುಟ್ಟ ವಾಸನೆ ಬಂದದ್ದೇ ತಡ, ನನ್ನ ಕೈ ತಾನಾಗಿ ಮುಂದೆ ಹೋಯಿತು. ಅತ್ತೆ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡರು. ಅವರ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

"ನನಗ ಬಿಡಾಕ ಆಗವಲ್ದು ಯವ್ವಾ. ನಾ ಇಲ್ಲಿದ್ರ ನೀನೂ ಬಿಡಂಗಿಲ್ಲ."

ಮರುದಿನವೇ ಬಟ್ಟೆ ಗಂಟು ಕಟ್ಟಿಕೊಂಡು ಶಿರವಾಳದ ಮಗಳ ಮನೆಗೆ ಹೊರಟರು. ಕಡೇಚೂರಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ನಮ್ಮ ಮನೆಯವರು ದಾರಿಗೆ ಅಡ್ಡ ನಿಂತು ಬೇಡಿದರೂ ಕೇಳಲಿಲ್ಲ. ಮೊಮ್ಮಗುವನ್ನು ಮೊದಲು ಎತ್ತಿಕೊಳ್ಳುವವಳು ನಾನೇ ಎಂದು ಊರಿಗೆಲ್ಲ ಸಾರಿದ್ದ ಹೆಂಗಸು ಆಕೆ. ಆಮೇಲೆ ಪ್ರತಿ ತಪಾಸಣೆಯ ದಿನ ಫೋನು ಬರುತ್ತಿತ್ತು. ಉಂಡೆಯಾ, ಮಲಗಿದೆಯಾ ಏನೂ ಇಲ್ಲ. ಎಷ್ಟು ಗೆರೆ ಎಂದು ಕೇಳುವರು, ಎರಡು ಎಂದರೆ ಫೋನು ಇಡುವರು. ಬಾಯಿ ಚಪಲದಿಂದ ಮನೆ ತುಂಬ ಸುಳಿದಾಡುವಾಗ ಆ ಪ್ರಶ್ನೆ ನೆನಪಾಗಿ ಎಷ್ಟೋ ಸಲ ಹಾಗೇ ಕೂತುಬಿಟ್ಟಿದ್ದೇನೆ.

ಅತ್ತೆ ತೀರಿಕೊಂಡು ವರ್ಷವಾಯಿತು. ಮಗಳು ಅಂಗನವಾಡಿಗೆ ಹೋಗುತ್ತಾಳೆ, ಅಜ್ಜಿಯದೇ ಗಂಟಲು. ಅವಳು ಕೂಗಿದಾಗಲೆಲ್ಲ ನನಗೆ ಅವಳು ಹುಟ್ಟಿದ ಮರುದಿನ ಕಣ್ಣಿಗೆ ಕಟ್ಟುತ್ತದೆ.

ದಿನ ತುಂಬಿ ಹುಟ್ಟಿದ್ದಳು, ವಾರ್ಡೆಲ್ಲ ಎದ್ದು ಕೂರುವಂತೆ ಅಳುತ್ತಿದ್ದಳು. ಶಿರವಾಳದಿಂದ ಬಂದ ಅತ್ತೆ ಬಾಗಿಲಲ್ಲಿ ನಿಂತು ಆ ಅಳು ಕೇಳಿದರು. ಒಳಗೆ ಬರಲಿಲ್ಲ. ಕೂಸಿನ ಕಡೆ ಕಣ್ಣೂ ಹಾಯಿಸದೆ ಸೀದಾ ಸಿಸ್ಟರ್ ಬಳಿ ಹೋಗಿ ತಮಗೊಂದು ಪಟ್ಟಿ ಕೇಳಿದರು. ಈಗೇಕೆ ಬೇಕೆಂದು ಸಿಸ್ಟರ್ ನಕ್ಕರೂ ಇವರು ನಗಲಿಲ್ಲ. ಒಂದೇ ಗೆರೆ ಬಂದರೆ ಈಕೆ ಹಾಗೇ ಬಸ್ಸು ಹತ್ತಿ ಹೋಗಿಬಿಡುತ್ತಾರೆಂದು ನನಗೆ ಗೊತ್ತಿತ್ತು.

ಆಮೇಲೆ ಮಂಚದ ಬಳಿ ಬಂದರು. ಬಲಗೈಯಲ್ಲಿ ಆ ಪಟ್ಟಿಯಿತ್ತು, ಹಿಡಿದ ತೋರುಬೆರಳು ಉಳಿದ ಬೆರಳುಗಳ ಬಣ್ಣಕ್ಕೆ ತಿರುಗಿತ್ತು. ಪಟ್ಟಿಯನ್ನು ನನ್ನ ದಿಂಬಿನ ಪಕ್ಕ ಇಟ್ಟು ಎರಡೂ ಕೈ ಚಾಚಿದರು.

"ಎರಡು ಅದಾವ ನೋಡು. ಈಗ ಕೊಡು ನನ್ನ ಮೊಮ್ಮಗಳನ್ನ."