ಬಾರ್ಲಿ ಬೇಯುವ ವಾಸನೆ

ಸಂಜೆ ಮಗ್ರಿಬ್ ಬಾಂಗ್ ಮುಗಿಯುತ್ತಿದ್ದಂತೆ ನನ್ನ ಗಂಡ ಸೋಫಾದಲ್ಲಿ ನೆಟ್ಟಗೆ ಕುಳಿತು, "ಬಂತು," ಎನ್ನುತ್ತಿದ್ದರು.

"ಎಂತ ಬಂದದ್ದು ಮಾರಾಯ್ರೆ? ನಾನು ಒಲೆಯೇ ಹಚ್ಚಲಿಲ್ಲ."

"ಬಾರ್ಲಿ ಬೇಯ್ತಾ ಉಂಟು."

ಸೌದಿಯ ಥುಕ್ಬಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಾರ್ಲಿ ಎಲ್ಲಿಂದ ಬರಬೇಕು? ಜ್ವರವೊಂದು ಬಂದು ಹೋದ ಮೇಲೆ ಅವರ ಮೂಗು ಸತ್ತೇ ಹೋಗಿತ್ತು. ಮೀನು ಸಾರು ತಳ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಇಲ್ಲದ ಈ ಒಂದು ವಾಸನೆ ಮಾತ್ರ ದಿನಾ ಬರುತ್ತಿತ್ತು. ಅದು ನೈಜೀರಿಯಾದ ಒಂದು ಹಳೆಯ ಬಿಯರ್ ಕಾರ್ಖಾನೆಯದು. ಮದುವೆಗೆ ಮೊದಲು ಅವರು ಅಲ್ಲಿ ದುಡಿದಿದ್ದರು. ಈಗ ಅದು ಮುಚ್ಚಿಹೋಗಿದೆ.

ಅವರ ಕೆಲಸವೇ ಮೂಗಿನದು. ಇಲ್ಲಿ ಮದ್ಯವಿಲ್ಲದ ಮಾಲ್ಟ್ ಪಾನೀಯ ಮಾಡುವ ಕಾರ್ಖಾನೆಯಲ್ಲಿ ಪ್ರತಿ ಪಾಕವನ್ನೂ ಮೂಸಿ, ರುಚಿ ನೋಡಿ ಸರಿ ಎನ್ನಬೇಕಾದವರು ಅವರು. ಮೂಗು ಹೋದದ್ದು ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆಯೇ ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ. ಹಾಗಾಗಿ ಸ್ಯಾಂಪಲ್ಲನ್ನು ಫ್ಲಾಸ್ಕಿನಲ್ಲಿ ಮನೆಗೆ ತರುತ್ತಿದ್ದರು, ನಾನು ಮೂಸಿ ಹೇಳುತ್ತಿದ್ದೆ. ನನಗೆ ಬರುವುದು ಅಡುಗೆಮನೆಯ ಭಾಷೆ: "ಬೆಲ್ಲ ಕಾಯಿಸಿದ ಹಾಗೆ ಉಂಟು," "ಇವತ್ತು ಸ್ವಲ್ಪ ಸೀದು ಹೋಗಿದೆ." ಬಿಯರ್ ಎಂದರೆ ಮೂಗು ಮುರಿಯುವ ಮನೆಯಲ್ಲಿ ಹುಟ್ಟಿದವಳಿಗೆ ಎಂಥ ಉದ್ಯೋಗ ನೋಡಿ!

ವಾಸನೆ ಬಂದಾಗಲೆಲ್ಲ ಆ ಕಾರ್ಖಾನೆಯ ಕತೆಯೂ ಬರುತ್ತಿತ್ತು. ಪರದೇಶದವರು ಅದನ್ನು ಕಟ್ಟಿದ್ದು, ತಾಮ್ರದ ದೊಡ್ಡ ಹಂಡೆ ಹಡಗಿನಲ್ಲಿ ಬಂದದ್ದು, ಸರಕಾರ ಹೊರಗಿನ ಬಾರ್ಲಿ ನಿಲ್ಲಿಸಿದಾಗ ಊರಿನ ಜೋಳ ಹಾಕಿ ಬಿಯರ್ ಕಾಯಿಸಿದ್ದು. ಜೋಳದ ಪಾಕಕ್ಕೆ ಎಂಥ ವಾಸನೆ ಇರಬೇಕೆಂದು ಇವರಿಗೆ ಕಲಿಸಿದವರು ಅಲ್ಲಿ ಬಿಯರ್ ಕಾಯಿಸುತ್ತಿದ್ದ ಹಿರಿಯ ಬ್ರೂವರ್. ಇವರು ಅವರನ್ನು ಬಾಬಾ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ತೊಳೆಯಲೆಂದು ಖಾಲಿ ತೊಟ್ಟಿಗೆ ಇಳಿದ ಬಾಬಾ ಮೇಲೆ ಬರಲಿಲ್ಲ. ಬಿಯರ್ ಹುಳಿಯುವಾಗ ಹುಟ್ಟುವ ಗ್ಯಾಸ್ ತಳದಲ್ಲೇ ನಿಂತಿತ್ತು.

"ಅಂಥಾ ಮೂಗಿನ ಮನುಷ್ಯ ಮಾರಾಯ್ತಿ," ಎನ್ನುತ್ತಿದ್ದರು ಇವರು. "ಆ ಗ್ಯಾಸಿಗೆ ವಾಸನೆಯೇ ಇಲ್ಲ."

ಬಾಬಾ ಹೋದ ಮೇಲೆ ಕಾರ್ಖಾನೆಯ ಮಾಲೀಕರು ಬದಲಾದರು, ಒಂದೊಂದೇ ಹಂಡೆ ತಣ್ಣಗಾಯಿತು, ಕೊನೆಗೆ ಗೇಟಿಗೆ ಬೀಗ ಬಿತ್ತು. ಕೇಳಿ ಕೇಳಿ ನನಗೂ ಹೆದರಿಕೆ ಹಿಡಿಯಿತು. ಒಂದು ದಿನ ಇವರು ನನ್ನ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತಾ, "ಬಾಬಾ ಬಂದಿದ್ದಾರೆ. ಇದು ಅವರ ಅಂಗಿಯ ವಾಸನೆ," ಎಂದರು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಕ್ಲಿನಿಕ್ಕಿನ ಡಾಕ್ಟರು ದಿನಾ ಲವಂಗ, ನಿಂಬೆ ಮೂಸಲು ಹೇಳಿದರು. ಹಾಗೆ ಮಾಡಿದರೆ ಇಲ್ಲದ ವಾಸನೆ ಹೋಗಿ ಇರುವ ವಾಸನೆ ಬಂದೀತಂತೆ. ನಾನು ಲವಂಗದ ಡಬ್ಬಿ ಮುಂದಿಟ್ಟರೂ ಇವರು ಮುಟ್ಟಲೇ ಇಲ್ಲ. ನನಗೆ ಎಲ್ಲಿತ್ತೋ ಸಿಟ್ಟು!

"ಮುಚ್ಚಿದ ಕಾರ್ಖಾನೆ ನಮಗೆ ಅನ್ನ ಹಾಕ್ತದಾ? ಸತ್ತವರನ್ನು ಕಟ್ಟಿಕೊಂಡು ಕೂತ್ರೆ ಬದುಕಿದ್ದವರು ಎಂತ ಮಾಡುದು?"

ಮರುದಿನ ಅವರು ಲವಂಗದ ಡಬ್ಬಿ ತಾವೇ ತೆರೆದರು.

ಕೆಲವು ತಿಂಗಳ ಮೇಲೆ ಒಂದು ಸಂಜೆ ಬಾಂಗ್ ಮುಗಿದರೂ ಅವರು "ಬಂತು" ಎನ್ನಲಿಲ್ಲ. ನಾನು ಫ್ಲಾಸ್ಕಿನ ಮುಚ್ಚಳ ತೆಗೆದೆ, ಅಷ್ಟೆ.

"ಬೆಲ್ಲ," ಎಂದರು. "ಸ್ವಲ್ಪ ಜಾಸ್ತಿ ಕಾದಿದೆ."

ಮೂಸಿದೆ. ಹೌದು, ಸರಿಯಾಗಿಯೇ ಹೇಳಿದ್ದರು! "ಅಬ್ಬಾ, ಬದುಕಿದೆವು ಮಾರಾಯ್ರೆ!" ಎಂದು ಕೂಗಿಕೊಂಡೆ.

ಅವರು ನಗಲಿಲ್ಲ. "ಆ ಬಾರ್ಲಿ ವಾಸನೆ ಹೇಗಿತ್ತು?" ಎಂದು ಕೇಳಿದರು.

"ನನ್ನನ್ನು ಕೇಳ್ತೀರಾ? ಬಂದದ್ದು ನಿಮಗಲ್ವಾ?"

"ನೆನಪಾಗ್ತಾ ಇಲ್ಲ. ನಿನಗೆ ಎಷ್ಟು ಸಲ ಹೇಳಿದ್ದೇನೆ, ಹೇಳು."

ಹೇಳತೊಡಗಿದೆ. ಕುದಿಯುವ ಗಂಜಿಯ ಹಾಗೆ, ಅದರಲ್ಲಿ ಒದ್ದೆ ಗೋಣಿಯ ಘಾಟು, ಸ್ವಲ್ಪ ಉಬ್ಬಿದ ದೋಸೆ ಹಿಟ್ಟು.

"ಅದಲ್ಲ."

ಜೋಳ ಹುರಿದ ಹಾಗೆ ಎಂದೆ.

"ಅದೂ ಅಲ್ಲ. ಬಾಬಾನ ಅಂಗಿ? ಅದನ್ನು ಹೇಳು."

ನಾನು ಏನು ಹೇಳಲಿ? ಬೆವರು ಎಂದೆ, ಹೊಗೆ ಎಂದೆ. ಅವರು ತಲೆಯಾಡಿಸುತ್ತಲೇ ಇದ್ದರು, ಆಮೇಲೆ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ಕೆಲಸ ಉಳಿದ ಆ ಸಂಜೆ ನಮ್ಮ ಮನೆ ಸಾವಾದ ಮನೆಯ ಹಾಗಿತ್ತು.