ಗೇರಕ್ಕನ ಜೀಪಿನ ಕ್ಲಚ್ಚು

ಅವಳನ್ನು ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಇರಲಿಲ್ಲ. ಗಂಡನ ಬಾಯಲ್ಲೂ ಅವಳು ಗೇರಕ್ಕನೇ. ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಗಳಿಗೆ ಔಷಧಿ ಪೆಟ್ಟಿಗೆಗಳನ್ನು ಮುಟ್ಟಿಸುವುದು ಅವಳ ಕೆಲಸ. ಟಾರು ರಸ್ತೆ ಮುಗಿದು ಕಲ್ಲುದಾರಿ ಶುರುವಾಗುವಲ್ಲಿ ಹೊಸ ಗಾಡಿಗಳು ಬೆವರಿ ನಿಲ್ಲುತ್ತಿದ್ದವು. ಅವಳ ಹಳೇ ಜೀಪು ಮಾತ್ರ ಗೊಣಗಿಕೊಂಡೇ ಹತ್ತಿ ಹೋಗುತ್ತಿತ್ತು. ಆಯಿಲ್ ಬದಲಿಸುವುದರಿಂದ ಹಿಡಿದು ಗೇರ್‌ಬಾಕ್ಸ್ ಬಿಚ್ಚುವವರೆಗೆ ಅದರ ಸೇವೆಯೆಲ್ಲ ಅವಳದೇ. ಗಂಡ ದರ್ಜಿ. ಹೊಲಿಗೆ ಯಂತ್ರ ಕಿರುಗುಟ್ಟಿದರೂ ಅವನು ಹೆಂಡತಿಯ ಮುಖ ನೋಡುತ್ತಿದ್ದ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಜೀಪಿನಡಿ ಮಲಗಿ ಗೇರ್‌ಬಾಕ್ಸ್ ಇಳಿಸುತ್ತಿದ್ದಾಗ ಜಾಕ್ ಜಾರಿತು. ಎಡ ಮೊಣಕಾಲು ನುಜ್ಜುಗುಜ್ಜಾಯಿತು. ವೈದ್ಯರು ಸರಳು ಹಾಕಿ ಕಾಲನ್ನೇನೋ ಉಳಿಸಿದರು, ಆದರೆ ಅದು ಮಡಚುವುದನ್ನು ಮರೆತುಬಿಟ್ಟಿತು. ಕೂತರೂ ನಿಂತರೂ ಕೋಲಿನಂತೆ ನೆಟ್ಟಗೆ. ಕ್ಲಚ್ ತುಳಿಯಬೇಕಾದ ಕಾಲೇ ಅದು.

ಅವಳು ಊರುಗೋಲು ಹಿಡಿದು ಅಂಗಳಕ್ಕೆ ಬರುವಷ್ಟಾದಾಗ, ಅಣ್ಣ ಗುಜರಿಯವನನ್ನು ಕರೆದುಕೊಂಡು ಬಂದ.

"ಕಾಲು ತಿಂದ ಗಾಡಿ ಇದು. ಮನೆ ಮುಂದೆ ಇರೋದೇ ಬೇಡ," ಎಂದ.

"ಗಾಡಿ ತಿನ್ನಲಿಲ್ಲ ಅಣ್ಣ. ಜಾಕ್ ಜಾರಿತು. ಬೇಕಿದ್ರೆ ಜಾಕ್ ತಗೊಂಡು ಹೋಗು."

"ಓಡಿಸೋಕಾಗದ ಗಾಡಿ ಇಟ್ಕೊಂಡು ಏನ್ ಪೂಜೆ ಮಾಡ್ತೀಯಾ?"

ಅವಳು ಕುಂಟುತ್ತಾ ಹೋಗಿ, ಮೊದಲು ಸೊಂಟ, ಆಮೇಲೆ ಆ ನೆಟ್ಟಗಿನ ಕಾಲು, ಹೀಗೆ ಒಂದೊಂದಾಗಿ ಒಳಗೆ ಸೇರಿಸಿ ಚಾಲಕನ ಸೀಟಿನಲ್ಲಿ ಕೂತಳು. ಹಾರನ್ ಮೇಲೆ ಅಂಗೈ ಊರಿದಳು. ಬೀದಿಯ ಕಿಟಕಿಗಳೆಲ್ಲ ತೆರೆದವು. ಗುಜರಿಯವನು ಕಿವಿ ಮುಚ್ಚಿಕೊಂಡು, "ಮೊದಲು ಮನೇಲಿ ಮಾತಾಡ್ಕೊಳ್ಳಿ ಸ್ವಾಮಿ," ಎಂದು ಜಾಗ ಖಾಲಿ ಮಾಡಿದ. ಅಣ್ಣ ಅವತ್ತು ಮುನಿಸಿಕೊಂಡು ಹೋದವನು ಬಹಳ ದಿನ ಈ ಕಡೆ ತಲೆ ಹಾಕಲಿಲ್ಲ.

ಸಿಟ್ಟೇನೋ ಗೆದ್ದಿತು, ಆದರೆ ಕ್ಲಚ್ಚು ಹಾಗೇ ಇತ್ತಲ್ಲ. ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯ ಮುದುಕನನ್ನು ಎಲ್ಲರೂ ಕಿಡಿ ಮಾವ ಎನ್ನುತ್ತಿದ್ದರು. ಅವನೂ ಅವಳೂ ಸೇರಿ ಪೆಡಲ್ ಕಿತ್ತು, ಸೀಟಿನ ಪಕ್ಕ ಕ್ಲಚ್ಚಿಗೊಂದು ಉದ್ದನೆಯ ಕೈಹಿಡಿ ಕೂಡಿಸಿದರು. ಪೆಡಲ್ ಹೋದ ಜಾಗದಲ್ಲಿ ನೆಟ್ಟಗಿನ ಕಾಲಿಗೆ ಆರಾಮ ಸಿಕ್ಕಿತು. ಆದರೆ ಒಂದು ಕೈ ಸ್ಟೇರಿಂಗಿಗೆ, ಒಂದು ಕ್ಲಚ್ಚಿಗೆ ಹೋದಮೇಲೆ ಗೇರ್ ಬದಲಿಸುವವರು ಯಾರು?

"ನಾನಿದ್ದೀನಲ್ಲ," ಎಂದ ಗಂಡ. "ನೀನು ಹೇಳು, ನಾನು ಹಾಕ್ತೀನಿ."

ಹಾಗೇ ಹೊರಟರು. "ಎರಡು!" ಎಂದಳು, ಎರಡು ಬಿತ್ತು. "ಮೂರು!" ಎಂದಳು, ಗಾಬರಿಯಲ್ಲಿ ಅವನು ಎಳೆದ ಎಳೆತಕ್ಕೆ ಮೊದಲನೇ ಗೇರ್ ಬಿದ್ದು ಜೀಪು ಮುಗ್ಗರಿಸಿ, ಪಕ್ಕದ ಮನೆಯ ಹೂವಿನ ಕುಂಡಗಳಿಗೆ ಮುತ್ತಿಟ್ಟು ನಿಂತಿತು. ಕುಂಡದ ಒಡತಿ ಬೈದದ್ದನ್ನೆಲ್ಲ ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡ.

"ನಿಮ್ಮ ಮೇಲೆ ಕೋಪ ಇಲ್ಲ ರೀ," ಎಂದಳು ಅವಳು ಮನೆಗೆ ಬಂದ ಮೇಲೆ. "ಆದರೆ ಇನ್ನೊಬ್ಬರ ಕೈ ಕಾಯ್ಕೊಂಡು ಗುಡ್ಡ ಹತ್ತೋಳು ನಾನಲ್ಲ. ಒಬ್ಬಳೇ ಓಡಿಸಬೇಕು. ಇಲ್ಲಾಂದ್ರೆ ಓಡಿಸೋದೇ ಬೇಡ."

ಮರುದಿನ ಗಂಡ ಬೈಕ್ ಹೊರಗೆ ತೆಗೆಯುವುದನ್ನು ಅವಳು ಜಗುಲಿಯಿಂದ ನೋಡುತ್ತಿದ್ದಳು. ಹ್ಯಾಂಡಲ್ ಹಿಡಿಯುವುದೂ ಅದೇ ಕೈ, ಕ್ಲಚ್ ಒತ್ತುವುದೂ ಅದೇ ಕೈ. "ರೀ, ಇಳೀರಿ," ಎಂದಳು. ಅವನು ಅಂಗಡಿಗೆ ನಡೆದುಕೊಂಡು ಹೋದ. ಬೈಕಿನ ಕ್ಲಚ್ ಹಿಡಿಕೆ ಕಿಡಿ ಮಾವನ ಅಂಗಡಿಗೆ ಹೋಯಿತು.

ಜೀಪಿನ ಗೇರ್ ಕೋಲಿಗೇ ಕ್ಲಚ್ಚಿನ ಹಿಡಿ ಬಂತು. ಹಿಡಿ ಅದುಮಿ ಹಿಡಿದುಕೊಂಡೇ ಗೇರ್ ಬದಲಿಸಬೇಕು, ಆಮೇಲೆ ಮೆಲ್ಲಗೆ ಬಿಡಬೇಕು. ಲೆಕ್ಕ ಸರಿಯಾಗಿತ್ತು, ಆದರೆ ಜೀಪಿನ ಕ್ಲಚ್ಚು ಬೈಕಿನದರಂತೆ ಸಾಧುವಲ್ಲ. ಹಿಡಿಯಿಂದ ಕ್ಲಚ್ಚಿಗೆ ಎಳೆದ ಮೊದಲ ತಂತಿ ಪಟ್ಟೆಂದು ಹರಿಯಿತು. ದಪ್ಪ ತಂತಿ ಹಾಕಿದರೆ ತಂತಿ ಉಳಿಯಿತು, ಅವಳ ಬೆರಳುಗಳು ಬಾತುಕೊಂಡವು.

"ಸಾಕು ಬಿಡಮ್ಮ," ಎಂದ ಕಿಡಿ ಮಾವ.

"ನಿಮಗೆ ಸಾಕಾದ್ರೆ ಹೇಳಿ ಮಾವ, ವೆಲ್ಡಿಂಗ್ ನಾನೇ ಕಲೀತೀನಿ."

ಮುದುಕ ನಕ್ಕು ಮತ್ತೆ ಕನ್ನಡಕ ಏರಿಸಿದ. ಕೊನೆಗೆ ಅದೇ ಗುಜರಿಯವನ ಅಂಗಡಿಯಲ್ಲಿ ಒಂದು ಮುರುಕು ವ್ಯಾನು ಸಿಕ್ಕಿತು. ಬ್ರೇಕ್ ಒತ್ತುವ ಕಾಲಿಗೆ ಇಂಜಿನ್ನಿನ ಬಲ ಸೇರಿಸುವ ಬೂಸ್ಟರ್ ಅದರಲ್ಲಿ ಗಟ್ಟಿಯಾಗಿತ್ತು. ಅದನ್ನು ಬಿಚ್ಚಿ ತಂದು ಕ್ಲಚ್ಚಿಗೆ ಜೋಡಿಸಿದರು. ಈಗ ಎರಡು ಬೆರಳು ಸಾಕಾಯಿತು. ಅವಳು ಗೇರ್ ಹಾಕಿ, ಹಿಡಿ ಬಿಟ್ಟು, ಅಂಗಡಿಯ ಸುತ್ತ ಒಂದು ಸುತ್ತು ಹೊಡೆದು ಬಂದಾಗ ಮಾವ ಸುತ್ತಿಗೆ ಕೆಳಗಿಟ್ಟು ಕಣ್ಣೊರೆಸಿಕೊಂಡ. ಹೊಗೆಗೆ ಹಾಗಾಯಿತು ಎಂದ. ಆಗ ಅಲ್ಲಿ ಹೊಗೆಯೇ ಇರಲಿಲ್ಲ.

ಇನ್ನು ಉಳಿದದ್ದು ವಾಹನ ಕಚೇರಿ. ಅಧಿಕಾರಿ ಜೀಪಿನ ಸುತ್ತ ಒಮ್ಮೆ ನಡೆದು ಅಡ್ಡಡ್ಡ ತಲೆಯಾಡಿಸಿದರು. "ಇದೆಲ್ಲ ಕಂಪನಿಯವರು ಮಾಡಿದ್ದಲ್ಲ. ನಡೆಯಲ್ಲ."

"ನಾನು ಓಡಿಸೋದನ್ನ ನೋಡಿ ಆಮೇಲೆ ಹೇಳಿ ಸಾರ್."

"ನೋಡೋದೇನಿದೆ?"

"ನೋಡೋ ತನಕ ನಾನು ಇಲ್ಲಿಂದ ಕದಲಲ್ಲ." ಜೀಪು ನಿಂತಿದ್ದದ್ದು ಗೇಟಿನ ನಟ್ಟನಡುವೆ. ಹಿಂದೆ ಗಾಡಿಗಳ ಸಾಲು ಬೆಳೆಯಿತು, ಹಾರನ್‌ಗಳು ಶುರುವಾದವು. ಅಧಿಕಾರಿ ಮುಖ ಗಂಟಿಕ್ಕಿಕೊಂಡೇ ಬಂದು ಪಕ್ಕದಲ್ಲಿ ಕೂತರು.

ಕಚೇರಿಯ ಹಿಂದಿನ ಕಡಿದಾದ ಏರಿನ ಮಧ್ಯೆ ಅವರು, "ಇಲ್ಲಿ ನಿಲ್ಲಿಸಿ. ಈಗ ಮುಂದಕ್ಕೆ ಹೋಗಿ. ಹಿಂದಕ್ಕೆ ಒಂದು ಗೇಣು ಜಾರಿದ್ರೂ ಇಲ್ಲ ಅಂತ ಬರೀತೀನಿ," ಎಂದರು.

ಬಲಗಾಲು ಬ್ರೇಕಿನ ಮೇಲಿತ್ತು. ತೆಗೆದರೆ ಜೀಪು ಜಾರುತ್ತದೆ. ಎಡಗೈ ಕ್ಲಚ್ಚಿನ ಮೇಲಿತ್ತು. ಅವಳು ಬಲಗೈಯಿಂದ ಡ್ಯಾಶ್‌ಬೋರ್ಡಿನ ಗುಂಡಿಯೊಂದನ್ನು ಹೊರಗೆಳೆದಳು. ಕೈಯಿಂದಲೇ ಆಕ್ಸಿಲರೇಟರ್ ಏರಿಸುವ ಗುಂಡಿ ಅದು, ಹಳೇ ಜೀಪುಗಳಲ್ಲಿ ಇರುತ್ತದೆ. ಇಂಜಿನ್ ಗುಡುಗಿತು. ಎಡಗೈ ಹಿಡಿಯನ್ನು ಕೂದಲೆಳೆಯಷ್ಟು ಬಿಟ್ಟಿತು, ಜೀಪು ಮೈ ಬಿಗಿಹಿಡಿಯಿತು, ಬ್ರೇಕ್ ಬಿಟ್ಟಳು. ಚಕ್ರ ಮುಂದಕ್ಕೇ ಉರುಳಿತು. ಮೇಲಿನ ಕಂಬಿ ಹಿಡಿದುಕೊಂಡಿದ್ದ ಅಧಿಕಾರಿ ಏರು ಮುಗಿದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

"ಅನುಮತಿ ಕೊಡ್ತೀನಿ," ಎಂದರು. "ಒಂದು ಷರತ್ತು. ಈ ಗಾಡೀನ ನಿಮ್ಮನ್ನ ಬಿಟ್ಟು ಬೇರೆ ಯಾರೂ ಓಡಿಸಬಾರದು."

"ಅದು ನನ್ನ ಷರತ್ತೂ ಹೌದು ಸಾರ್."

ಔಷಧಿ ಸಾಗಿಸುವ ಕೆಲಸ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಅವಳು ಅದರ ಬಾಗಿಲು ತಟ್ಟುತ್ತಾ ಕೂರಲಿಲ್ಲ. ಗುಡ್ಡದ ಮೇಲೆ ಶಾಲೆಗೆ ಬೆಂಚು, ಮನೆಗಳಿಗೆ ಸಿಮೆಂಟು, ಮದುಮಗಳಿಗೆ ಬೀರು, ಏನು ಬೇಕಾದರೂ ಹೊತ್ತು ಹೋದಳು. ಹೊಸ ಗುತ್ತಿಗೆಯವನ ವ್ಯಾನು ಕಲ್ಲುದಾರಿಯಲ್ಲಿ ಕೆಟ್ಟು ನಿಂತ ದಿನ ಅದರ ಪೆಟ್ಟಿಗೆಗಳನ್ನೂ ಅವಳೇ ಮೇಲೆ ಮುಟ್ಟಿಸಿದಳು, ಅವನನ್ನೂ ಕೂರಿಸಿಕೊಂಡು.

ಅಣ್ಣ ಈಗ ಮನೆಗೆ ಬರುತ್ತಾನೆ, ಊಟ ಮಾಡುತ್ತಾನೆ, ಜೀಪಿಗೆ ಮಾತ್ರ ಬೆನ್ನು ಹಾಕಿಯೇ ಕೂರುತ್ತಾನೆ. ಹೋದ ವಾರ, "ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಗಾಡಿಗಳು ಬಂದಿವೆಯಂತೆ. ಅದನ್ನಾದ್ರೂ ತಗೋಬಾರ್ದಾ?" ಎಂದ.

"ಅದು ಆ ಕಲ್ಲುದಾರಿ ಹತ್ತುತ್ತಾ?"

"ಅದು ನಂಗೇನ್ ಗೊತ್ತು?"

"ಗೊತ್ತಾದ ಮೇಲೆ ಬಾ, ಮಾತಾಡೋಣ," ಎಂದು ಅವಳು ಗ್ರೀಸ್ ಡಬ್ಬಿ ಎತ್ತಿಕೊಂಡು ಶೆಡ್ಡಿಗೆ ಹೋದಳು.