ದೊಡ್ಡಮ್ಮನ ಚಿತ್ರದ ದತ್ತಿ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಅವಳೇ ಕಾಡಿಗೆ ಹಿಡಿಯುತ್ತಿದ್ದಳು. ಅಜ್ಜಂಪುರದ ನಮ್ಮ ಮನೆಯಿಂದ ಯಾರು ಹೊರಟರೂ ಹೊಸಿಲಲ್ಲಿ ನಿಲ್ಲಿಸಿ, ಕಿವಿಯ ಹಿಂದೆ ಒಂದು ಬೊಟ್ಟು ಒತ್ತಿಯೇ ಕಳಿಸುವಳು. "ಮನುಷ್ಯರ ದೃಷ್ಟಿಗೆ ಕಲ್ಲೂ ಸಿಡೀತದೆ" ಎನ್ನುವಳು. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ಅವಳ ಒಬ್ಬನೇ ಮಗನಿಗೂ, ಅವನು ಎಷ್ಟು ನಾಚಿದರೂ, ಆ ಬೊಟ್ಟು ತಪ್ಪಿರಲಿಲ್ಲ. ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ನನ್ನ ತಂದೆ ದೊಡ್ಡಮ್ಮನ ಮೈದುನ. ದೊಡ್ಡಪ್ಪ ತೀರಿಕೊಂಡ ಮೇಲೂ ನಾವೆಲ್ಲ ಒಂದೇ ಮನೆಯಲ್ಲಿದ್ದೆವು.

ಫೋಟೋದಲ್ಲಿ ನೆರಳು ಹಿಡಿದರೆ ಆಯುಸ್ಸು ಇಳಿಯುತ್ತದೆ ಎಂದು ಆಗ ನಮ್ಮ ಕಡೆ ನಂಬಿದ್ದರು. ಒಮ್ಮೆ ತರೀಕೆರೆಯ ಸಂತೆಗೆ ಫೋಟೋ ತೆಗೆಯುವವನು ಬಂದಿದ್ದ. ಅಣ್ಣ ಆಸೆಪಟ್ಟು ಕುರ್ಚಿಯ ಮೇಲೆ ಕೂತ. ದೊಡ್ಡಮ್ಮ ಬಳೆಗಾರರ ಸಾಲಿನಿಂದ ನೆಟ್ಟಗೆ ಬಂದವಳು ಅವನ ಮುಖದ ಮೇಲೆ ತನ್ನ ಸೆರಗು ಹಾಕಿ, ಹಾಗೆಯೇ ಎಬ್ಬಿಸಿಕೊಂಡು ಹೋದಳು. ಸಂತೆಯ ಜನ ನಕ್ಕರು. ನಾನೂ ನಕ್ಕೆ.

ಊರೂರಿಗೆ ಜ್ವರ ಬಂದ ವರ್ಷ ಅಣ್ಣ ಮೈಸೂರಿನಲ್ಲೇ ತೀರಿಕೊಂಡ. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಅವನನ್ನು ಮಣ್ಣು ಮಾಡಿಯಾಗಿತ್ತು. ದೊಡ್ಡಮ್ಮ ಮಗನ ಮುಖ ನೋಡಲಿಲ್ಲ.

ರಜೆಗೆ ಬಂದಾಗಲೆಲ್ಲ ಅಣ್ಣ ಒಲೆಯ ಮುಂದೆ ಕೂತು, ಮೈಸೂರಿನಲ್ಲಿ ಕಂಡ ಚಿತ್ರಗಳನ್ನು ಅವಳಿಗೆ ಬಣ್ಣಿಸುತ್ತಿದ್ದ. ಅದಕ್ಕೇ ಇರಬೇಕು, ತವರಿನವರು ದೇವನೂರಿನಲ್ಲಿ ಕೊಟ್ಟಿದ್ದ ತೆಂಗಿನ ತೋಟವನ್ನು ಅವಳು ಅವನ ಹೆಸರಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ದತ್ತಿಯಾಗಿ ಬಿಟ್ಟಳು. ಅದರ ಆದಾಯದಿಂದ ವರ್ಷಕ್ಕೊಂದು ಚಿತ್ರ ಕೊಂಡು ಅಲ್ಲಿ ತೂಗುಹಾಕಬೇಕು. ಅಪ್ಪನಿಗೆ ಇದು ಹಿಡಿಸಲಿಲ್ಲ.

"ಛತ್ರ ಕಟ್ಸಿದ್ರೆ ನಾಕ್ ಜನ ಉಣ್ತಿದ್ರು ಅತ್ತಿಗೆ. ಚಿತ್ರಕ್ಕೆ ಯಾರಾದ್ರೂ ತೋಟ ಕೊಡ್ತಾರಾ?"

"ಉಂಡೋರು ಕೈತೊಳ್ಕಂಡು ಹೋಗ್ತಾರೆ ಕಣಪ್ಪ. ನೋಡೋರು ಒಂದ್ ಗಳಿಗೆ ನಿಂತ್ಕತಾರೆ" ಎಂದಳು ದೊಡ್ಡಮ್ಮ.

ವಿಶ್ವವಿದ್ಯಾನಿಲಯದವರು ಗೌರವದಿಂದಲೇ ಒಂದು ಸಲಹೆ ಕಳಿಸಿದರು: ದತ್ತಿಯ ಮೊದಲ ಚಿತ್ರ ಮಗನದೇ ಆಗಲಿ. ದೊಡ್ಡಮ್ಮ ಅಂದು ಎರಡು ಸಲ ಮುಖ ತೊಳೆದುಕೊಂಡಳು. ಮಗನ ಮುಖ ಮತ್ತೆ ಸಿಗುತ್ತದೆ ಎಂಬುದಷ್ಟೇ ಅವಳ ತಲೆಯಲ್ಲಿತ್ತು. ಚಿತ್ರಗಾರ ರೈಲಿನಲ್ಲಿ ಬಂದಿಳಿದು ಫೋಟೋ ಕೇಳಿದ. ಫೋಟೋ ಎಲ್ಲಿತ್ತು? ಕೊನೆಗೆ, ಅಣ್ಣನನ್ನೇ ಹೋಲುವವನು ಎಂದು ನನಗೆ ಅವನ ಕೋಟು ತೊಡಿಸಿ, ರುಮಾಲು ಸುತ್ತಿ ಪಡಸಾಲೆಯಲ್ಲಿ ಕೂರಿಸಿದರು.

ದೊಡ್ಡಮ್ಮ ಬಾಗಿಲ ಮರೆಯಲ್ಲಿ ನಿಂತು ತಿದ್ದುವಳು. ಮೂಗು ಇನ್ನೂ ಸಣ್ಣ, ಹುಬ್ಬು ಕೂಡಿರಲಿಲ್ಲ, ನಗದಿದ್ದರೂ ಅವನ ತುಟಿ ಒಂದು ಕಡೆ ಮೇಲಿತ್ತು. ಮೊದಮೊದಲು ಅವಳ ಮಾತು ಖಚಿತವಾಗಿತ್ತು. ಬರಬರುತ್ತ ತಡವಾಗತೊಡಗಿತು. ಒಂದು ಬೆಳಿಗ್ಗೆ ಚಿತ್ರಗಾರ ಗಲ್ಲದ ವಿಷಯ ಕೇಳಿದ. ಅವಳು ನನ್ನನ್ನು ನೋಡಿದಳು, ಬಟ್ಟೆಯ ಮೇಲಿನ ಚಿತ್ರವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ನೀವು ಬರ್ದಂಗೇ ಇತ್ತೇನೋ" ಎಂದು ಅಲ್ಲೇ ಕುಸಿದು ಕೂತಳು.

ಅಲುಗಬಾರದೆಂದು ಹೇಳಿದ್ದರಿಂದ ನಾನು ಅಲುಗಲಿಲ್ಲ. ಅವಳು ಕಣ್ಣು ಮುಚ್ಚುವುದು, ತೆರೆಯುವುದು, ಮತ್ತೆ ಬಿಗಿಯಾಗಿ ಮುಚ್ಚುವುದು ಕುರ್ಚಿಯಿಂದಲೇ ಕಾಣುತ್ತಿತ್ತು. ಆಮೇಲೆ ಹಿತ್ತಿಲಲ್ಲಿ ಅವಳು ನನ್ನ ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು: "ಕಣ್ಮುಚ್ಚಿದ್ರೆ ಇವನೇ ಬರ್ತಾನೆ ಕಣೇ. ಅವನು ಬರ್ತಾನೇ ಇಲ್ಲ."

ಬರೆಯುವುದನ್ನು ನಿಲ್ಲಿಸಿ ಎಂದು ಅವಳು ಕೇಳಿಕೊಂಡಳು. ಚಿತ್ರಗಾರ ಒಳ್ಳೆಯವನು, ತಬ್ಬಿಬ್ಬಾದ. ಚಿತ್ರ ಮುಗಿಯುತ್ತ ಬಂದಿತ್ತು. ಅನಾವರಣಕ್ಕೆ ದೊಡ್ಡವರನ್ನು ಕರೆದಾಗಿತ್ತು. ದತ್ತಿಯ ಪತ್ರ ಕಡೂರಿನ ಕಚೇರಿಯಲ್ಲಿ ನೋಂದಣಿಯಾಗಿ ತೋಟವೂ ಕೈಬಿಟ್ಟಿತ್ತು. ಅಪ್ಪ ಮನೆಯ ಮರ್ಯಾದೆಯ ಮಾತೆತ್ತಿದರು. ಅವಳು ಒಲೆಯ ಮುಂದೆ ಹೋಗಿ ಕೂತಳು. ಚಾಪೆ ಸುತ್ತಿದ ಚಿತ್ರ ಗಾಡಿಯೇರಿದಾಗ, "ತೋಟ ಕೊಟ್ಟು ಮಗನ್ನ ಕಳ್ಕಂಡೆ" ಎಂದಳು. ಆ ಚಿತ್ರ ಇಂದಿಗೂ ವಿಶ್ವವಿದ್ಯಾನಿಲಯದಲ್ಲಿದೆ. ಕೆಳಗೆ ಅಣ್ಣನ ಹೆಸರಿದೆ.

ಆಮೇಲೆ ದೊಡ್ಡಮ್ಮ ನನ್ನ ಮುಖ ನೋಡುವುದನ್ನು ಬಿಟ್ಟಳು. ಕೋಪವಿರಲಿಲ್ಲ. ಮುದ್ದೆ ಬಡಿಸುವಾಗ ತಟ್ಟೆಯನ್ನಷ್ಟೇ ನೋಡುವಳು. ನಾನು ಬರುವುದು ಕಂಡರೆ ಒಲೆಯ ಕಡೆ ತಿರುಗುವಳು. ನಾನು ಬೇರೆ ಊರಿಗೆ ಹೋಗಿಬಿಡುತ್ತೇನೆಂದರೆ ಅವಳೇ ಬಿಡಲಿಲ್ಲ. ಇದ್ದರೂ ಹಿಂಸೆ, ಹೋದರೂ ಹಿಂಸೆ. ಆದರೆ ವರ್ಷಕ್ಕೊಮ್ಮೆ ನನ್ನನ್ನು ಮೈಸೂರಿಗೆ ಅಟ್ಟಿ, ಮರಳಿದಾಗ ಬೆನ್ನು ಹಾಕಿಕೊಂಡೇ ಹೊಸ ಚಿತ್ರದ ಬಗ್ಗೆ ಕೇಳುವಳು. ನಾನು ಹೊಳೆ, ಎತ್ತು, ನೀರಿಗೆ ಬಂದ ಹೆಂಗಸರು ಎಂದರೆ ಸಾಲದು. ಬಿಸಿಲು ಯಾವ ಕಡೆಯಿಂದ ಬಿದ್ದಿದೆ, ಹೆಂಗಸರಲ್ಲಿ ದಣಿದವಳು ಯಾರು ಎಂದು ಕೆದಕುವಳು. ಹೇಳಬೇಕಲ್ಲ ಎಂದು ನಾನು ಅಲ್ಲಿ ಗಂಟೆಗಟ್ಟಲೆ ನಿಂತು ನೋಡಿದೆ. ನೋಡಲು ಕಲಿತದ್ದು ಅವಳ ಬೆನ್ನಿನಿಂದ. ಅಣ್ಣನ ಹೆಸರಿನ ಚಿತ್ರದ ಬಗ್ಗೆ ಅವಳು ಒಮ್ಮೆಯೂ ಕೇಳಲಿಲ್ಲ.

ತನ್ನ ಕೊನೆಯ ದಿನ ಮಧ್ಯಾಹ್ನ ನನ್ನೊಬ್ಬನನ್ನೇ ಕರೆಸಿದಳು. ಅಭ್ಯಾಸಬಲದಿಂದ ನಾನು ತಲೆದೆಸೆಯಲ್ಲಿ, ಅವಳಿಗೆ ಕಾಣದಂತೆ ನಿಂತೆ. ಎದುರಿಗೆ ಬಾ ಎಂದು ಕೈಸನ್ನೆ ಮಾಡಿದಳು. ಎಷ್ಟೋ ವರ್ಷಗಳ ಮೇಲೆ ನನ್ನ ಮುಖವನ್ನು ನೋಡಿದಳು, ನೋಡುತ್ತಲೇ ಇದ್ದಳು. ಅವಳಿಗೆ ಹಿಂಸೆಯಾದೀತೆಂದು ನಾನು ಹೊರಡಲು ತಿರುಗಿದೆ.

"ಹೋಗ್ಬೇಡ್ರಪ್ಪ" ಎಂದಳು. "ಇಬ್ರೂ ಕೂತ್ಕಳಿ."

ನಾನು ಕೂತೆ.